ಗ್ಲೆನ್ನಪ್ಪನವರು ಕೊಟ್ಟ ಹುದ್ದೆ

ತಪ್ಪು ಹುಡುಕುವುದು ಕೆಲವರಿಗೆ ಚಟ, ಕೆಲವರಿಗೆ ಹೊಟ್ಟೆಪಾಡು. ನನಗೆ ಎರಡೂ ಹೌದು. ನೈರೋಬಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್ ನಾನು. ಮಾತ್ರೆಯ ಅಂಚು ಚೂರು ಮುಕ್ಕಾಗಿದ್ದರೆ, ಸೀಸೆಯ ಲೇಬಲ್ಲು ಕೂದಲೆಳೆಯಷ್ಟು ಓರೆಯಾಗಿದ್ದರೆ, ಕೈ ಎತ್ತಿ ‘ನಿಲ್ಲಿಸಿ’ ಅನ್ನುವುದಕ್ಕೇ ನನಗೆ ಸಂಬಳ. ನಾನು ಕೈ ಎತ್ತಿದರೆ ಇಡೀ ಲೈನು ನಿಲ್ಲುತ್ತದೆ. ಸರಿ ಇದ್ದದ್ದಕ್ಕೆ ಹಸಿರು ಚೀಟಿ, ಸರಿ ಇಲ್ಲದ್ದಕ್ಕೆ ಕೆಂಪು ಚೀಟಿ. ಆದರೆ ಸಂಜೆ ಕಾರ್ಖಾನೆಯ ಗೇಟು ದಾಟಿದ ಮೇಲೆ ಈ ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಎನ್ನುವುದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ಹೈರಿಡ್ಜಿನ ನಮ್ಮ ಫ್ಲ್ಯಾಟಿನಲ್ಲಿ ಹುಳಿಗೆ ಉಪ್ಪು ಒಂದು ಹರಳು ಮುಂದಾಗಿದ್ದರೂ ಆ ಕೈ ತಾನಾಗಿ ಮೇಲೇಳುತ್ತದೆ. “ರೀ, ಇದು ಹುಳಿ, ಬ್ಯಾಚಲ್ಲ. ತಿನ್ನಿ, ಇಲ್ಲಾ ಕೆಂಪು ಚೀಟಿ ಅಂಟಿಸಿ ಎದ್ದೇಳಿ,” ಎನ್ನುತ್ತಾಳೆ ನನ್ನ ಹೆಂಡತಿ ವತ್ಸಲಾ. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಕಾರ್ಖಾನೆಯ ಭಾಷೆ ಬಂದಿದೆ, ನನಗೆ ಅಡುಗೆಮನೆಯ ಭಾಷೆ ಬಂದಿಲ್ಲ.

ಈ ಕೈಯ ದೆಸೆಯಿಂದಲೇ ನನಗೆ ಗ್ಲೆನ್ ಎಂಬ ಅಮೆರಿಕದ ಚಿತ್ರನಿರ್ಮಾಪಕರ ಪರಿಚಯವಾದದ್ದು. ನಮ್ಮ ಕಾರ್ಖಾನೆಯ ಕೆಮ್ಮಿನ ಔಷಧಿಗೆ ಒಂದು ಜಾಹೀರಾತು ಚಿತ್ರ ಮಾಡಿಸಿದರು. ವೆಸ್ಟ್‌ಲ್ಯಾಂಡ್ಸಿನ ಒಂದು ಸ್ಟುಡಿಯೋದಲ್ಲಿ ಚಿತ್ರೀಕರಣ. ಔಷಧಿಯ ಬಣ್ಣ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುತ್ತದೆಯೋ ನೋಡಿ ಬಾ ಎಂದು ನನ್ನನ್ನು ಕಳಿಸಿದರು. ನಾನು ಬಣ್ಣ ನೋಡಿದೆ. ಚಮಚ ಅಳತೆಯದಲ್ಲ ಎಂದು ನಿಲ್ಲಿಸಿದೆ. ಮಗುವಿನ ಪಾತ್ರದವನು ಕೆಮ್ಮುವುದು ಒಣಕೆಮ್ಮು, ನಮ್ಮದು ಕಫದ ಕೆಮ್ಮಿನ ಔಷಧಿ ಎಂದು ನಿಲ್ಲಿಸಿದೆ. ತಾಯಿ ಮುಚ್ಚಳ ತೆಗೆಯುವ ಮುಂಚೆ ಸೀಸೆ ಅಲುಗಿಸಲಿಲ್ಲ ಎಂದು ಮತ್ತೆ ನಿಲ್ಲಿಸಿದೆ. ಮಧ್ಯಾಹ್ನವಾದರೂ ಮಗು ಕೆಮ್ಮುತ್ತಲೇ ಇತ್ತು. ಆ ಹೊತ್ತಿಗೆ ನಿಜವಾದ ಕೆಮ್ಮೇ ಬಂದಿರಬೇಕು. ಆಗ ಮೂಲೆಯಲ್ಲಿ ಕೂತಿದ್ದ, ನೀಳಕಾಯದ, ಬೆಳ್ಳಿಗಡ್ಡದ ಒಬ್ಬರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರೇ ಗ್ಲೆನ್. ಜಾಹೀರಾತು ಕಂಪನಿಯವರ ಸ್ನೇಹಿತರಂತೆ, ಸಹಾಯಕ್ಕೆ ಬಂದವರು. “ನಿಮ್ಮಂಥವರು ಹೀಗೆ ನಿಂತುಕೊಂಡು ಕೆಲಸ ಮಾಡಬಾರದು. ಇವತ್ತಿನಿಂದ ನೀವು ನಮ್ಮ ತಾಂತ್ರಿಕ ಸಲಹೆಗಾರರು,” ಎಂದರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಆ ಕುರ್ಚಿ ಪಕ್ಕದ ಕೋಣೆಯಲ್ಲಿತ್ತು ಎನ್ನುವುದು ಆಗ ನನಗೆ ವಿಶೇಷವೆನ್ನಿಸಲಿಲ್ಲ. ಅರ್ಧ ಗಂಟೆಯಲ್ಲಿ ಚಿತ್ರೀಕರಣ ಮುಗಿಯಿತು. ನಾನು ಕೂತಿದ್ದರಿಂದಲೇ ಬೇಗ ಮುಗಿಯಿತು ಎಂದು ಅವರು ಹೇಳಿದರು. ನಾನು ನಂಬಿದೆ.

ಇಷ್ಟು ಮರ್ಯಾದೆ ಕೊಟ್ಟವರನ್ನು ಊಟಕ್ಕೆ ಕರೆಯದಿದ್ದರೆ ಹೇಗೆ? ಮುಂದಿನ ಭಾನುವಾರ ಗ್ಲೆನ್ ಬಂದರು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ, ಅಂದರೆ ವತ್ಸಲಾಳ ತಾಯಿ, ಬಿಸಿಬೇಳೆಬಾತಿನ ಪಾತ್ರೆ ಮುಂದಿಟ್ಟುಕೊಂಡು ವಿಚಾರಣೆಗೇ ಕೂತರು. ಅತ್ತೆಗೆ ಇಂಗ್ಲಿಷು ಬಾರದು, ಗ್ಲೆನ್ನರಿಗೆ ಕನ್ನಡ ಬಾರದು. ನಡುವೆ ದುಭಾಷಿ ನಾನು.

“ಇವರು ಆಕ್ಟ್ ಮಾಡ್ತಾರಂತಾ?”

“ಇಲ್ಲ ಅತ್ತೆ.”

“ಕಥೆ ಬರೀತಾರಾ? ಹಾಡು?”

“ಅದೂ ಇಲ್ಲ.”

“ಗೊತ್ತಾಯ್ತು ಬಿಡಿ, ದುಡ್ಡು ಹಾಕೋರು. ನಮ್ಮ ಬೀದೀಲೂ ಒಬ್ಬರಿದ್ರು, ಒಂದೇ ಸಿನಿಮಾ ತೆಗೆದು ಮನೆ ಮಾರಿಕೊಂಡ್ರು. ಪಾಪ, ಇವರಿಗೆ ಇನ್ನೊಂದು ಸೌಟು ಬಡಿಸ್ತೀನಿ.”

ಗ್ಲೆನ್ ನಕ್ಕು, ತಮ್ಮದು ಮಾರಿಕೊಳ್ಳುವಂಥ ಮನೆಯಲ್ಲ, ಲೊರೆಶೋದಲ್ಲಿ ಬಾಡಿಗೆಗಿರುವುದು ಎಂದರು. ಆಮೇಲೆ ತಮ್ಮ ಕಥೆ ಹೇಳಿದರು. ಹದಿನೆಂಟನೇ ವಯಸ್ಸಿಗೆ ಒಂದು ಸಣ್ಣ ಊರಿನ ಟೆಲಿವಿಷನ್ ಕೇಂದ್ರದಲ್ಲಿ ಎಲ್ಲರಿಗೂ ಕಾಫಿ ತಂದುಕೊಡುವ ಕೆಲಸ. ಯಾರಿಗೆ ಸಕ್ಕರೆ, ಯಾರಿಗೆ ಬೇಡ ಎನ್ನುವುದನ್ನು ಒಂದು ದಿನವೂ ಮರೆಯಲಿಲ್ಲವಂತೆ. ಅದನ್ನು ನೋಡಿ ಬಡ್ತಿ ಕೊಟ್ಟರು. ಮುಂದೆ ದೊಡ್ಡ ಊರು, ದೊಡ್ಡ ಸ್ಟುಡಿಯೋ. ಅಲ್ಲಿ ಒಂದು ಕೌಟುಂಬಿಕ ಹಾಸ್ಯ ಧಾರಾವಾಹಿ ಏಳು ವರ್ಷ ಓಡಿತು. ಅದರಲ್ಲಿ ಗಂಡ ಹೆಂಡತಿಯಾಗಿ ಊರನ್ನೆಲ್ಲ ನಗಿಸಿದ ಇಬ್ಬರಿಗೂ ಕ್ಯಾಮೆರಾ ಆಫ್ ಆದರೆ ಮಾತುಕತೆ ಇಲ್ಲ. ಏಳು ವರ್ಷವೂ ಅವನ ಮಾತನ್ನು ಅವಳಿಗೆ, ಅವಳ ಮಾತನ್ನು ಅವನಿಗೆ, ಖಾರ ತೆಗೆದು ತಲುಪಿಸಿದ್ದು ಗ್ಲೆನ್. ಆಮೇಲೊಂದು ಪತ್ತೇದಾರಿ ಧಾರಾವಾಹಿ. ಕೊಲೆಗಾರ ಯಾರೆಂದು ತಿಳಿಯುವ ಮುಂಚೆಯೇ ವಾಹಿನಿಯವರು ನಿಲ್ಲಿಸಿಬಿಟ್ಟರು. ಕೊಲೆಗಾರನ ಪಾತ್ರ ಮಾಡಿದ್ದವನು ಇವತ್ತಿಗೂ ಫೋನು ಮಾಡಿ ಬೇಜಾರು ಮಾಡಿಕೊಳ್ಳುತ್ತಾನಂತೆ. ಸಮುದ್ರದ ಮೇಲೊಂದು ದೊಡ್ಡ ಸಿನಿಮಾ. ನಿರ್ದೇಶಕನಿಗೆ ನೀರೆಂದರೆ ಭಯ. ಸ್ಟುಡಿಯೋದಲ್ಲಿ ನೀರು ತುಂಬಿಸಿದ ತೊಟ್ಟಿಯ ಪಕ್ಕ ಅವನಿಗೆ ಧೈರ್ಯ ಹೇಳುತ್ತ ಒಂದು ವರ್ಷ ಕಳೆಯಿತು. ಕೊನೆಗೆ ಸಿಂಹದ ಚಿತ್ರ ತೆಗೆಯಲು ಕೀನ್ಯಾಕ್ಕೆ ಬಂದರು. ಸಿಂಹ ಮಲಗಿತ್ತು. ವಾರಗಟ್ಟಲೆ ಮಲಗಿಯೇ ಇತ್ತು. “ನಲವತ್ತು ವರ್ಷದಲ್ಲಿ ನನ್ನಿಂದ ಏನನ್ನೂ ಕೇಳದ ಮೊದಲ ನಟ ಅದು,” ಎಂದರು ಗ್ಲೆನ್. ಅದಕ್ಕೇ ಇಲ್ಲೇ ಉಳಿದುಬಿಟ್ಟರು.

ಅತ್ತೆ ಎಲ್ಲ ಕೇಳಿಸಿಕೊಂಡು ಸೌಟು ಕೆಳಗಿಟ್ಟರು. “ಅಯ್ಯೋ, ಇದಕ್ಕೆ ಇಷ್ಟೊಂದು ಹೇಳಬೇಕಾ? ಉಗ್ರಾಣದವರು ಅನ್ನಿ!”

ನನಗೆ ಥಟ್ಟನೆ ಬೆಳಕಾಯಿತು. ಮದುವೆಮನೆಯಲ್ಲಿ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರೊಬ್ಬರು ಇರುತ್ತಾರಲ್ಲ, ಅವರು ವರನಲ್ಲ, ಪುರೋಹಿತರಲ್ಲ, ಅಡುಗೆಯವರೂ ಅಲ್ಲ. ಫೋಟೋದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದರೆ ಅವರಿಲ್ಲದೆ ಎಲೆಗೆ ಅನ್ನ ಬೀಳುವುದಿಲ್ಲ. ನಮ್ಮ ಕಡೆಯ ಒಬ್ಬ ಹಿರಿಯರು ಆ ಕೆಲಸದಲ್ಲಿ ಪಳಗಿದವರು. ಬೀಗರು ಮುನಿಸಿಕೊಂಡರೆ ಹೋಗಿ ಮಾತಾಡುತ್ತಿರಲಿಲ್ಲ. ಬಿಸಿ ಕಾಫಿ, ಎರಡು ಬಗೆ ತಿಂಡಿ ಕಳಿಸಿ ಕಾಯುತ್ತಿದ್ದರು, ಅಷ್ಟೆ. ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಾಗ ಗ್ಲೆನ್ ಎದ್ದುನಿಂತು ಅತ್ತೆಗೆ ಕೈಮುಗಿದರು. ತಮ್ಮ ಕೆಲಸ ಏನೆಂದು ಸ್ವಂತ ತಾಯಿಗೂ ವಿವರಿಸಲಾಗಿರಲಿಲ್ಲವಂತೆ. ಅಂದಿನಿಂದ ಅತ್ತೆಯ ಬಾಯಲ್ಲಿ ಅವರು ಗ್ಲೆನ್ನಪ್ಪನವರು.

ಇನ್ನು ನನ್ನ ಅಪರಾಧದ ಕಡೆಗೆ ಬರುತ್ತೇನೆ. ನೈರೋಬಿಯ ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಪ್ರತಿವರ್ಷ ವತ್ಸಲಾ ಮಕ್ಕಳ ನಾಟಕ ಬರೆದು ಆಡಿಸುತ್ತಾಳೆ. ಇಲ್ಲಿ ಬೆಳೆದ ಮಕ್ಕಳು. ಕನ್ನಡದಲ್ಲಿ ಕೇಳಿದ್ದು ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. ವರ್ಷಕ್ಕೊಂದು ಸಲವಾದರೂ ಅವರ ಬಾಯಲ್ಲಿ ಕನ್ನಡ ಆಡಿಸಬೇಕು ಎನ್ನುವುದು ಅವಳ ಹಟ. ಆದರೆ ಹಿಂದಿನ ವರ್ಷ ನಾಟಕ ಸೊರಗಿತ್ತು. ಕೂಟದ ಅಧ್ಯಕ್ಷರಾದ ಶ್ರೀಪಾದರಾಯರು ಈ ಸಲ ನೇರವಾಗಿಯೇ ಹೇಳಿದ್ದರು: “ವತ್ಸಲಮ್ಮ, ಬೇಜಾರು ಮಾಡ್ಕೋಬೇಡಿ. ಜನಕ್ಕೆ ಡ್ಯಾನ್ಸ್ ಬೇಕು. ಈ ವರ್ಷ ನಾಟಕ ಏಳಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಆ ಟೈಮು ಡ್ಯಾನ್ಸಿಗೆ.” ವತ್ಸಲಾ ಮನೆಗೆ ಬಂದು ಎರಡು ತಿಂಗಳು ಕೂತು ಹೊಸ ನಾಟಕ ಬರೆದಳು. ಒಬ್ಬ ರಾಜ. ಅವನಿಗೆ ನಿದ್ದೆ ಬಾರದು. ತಾನು ಕಣ್ಣು ಮುಚ್ಚಿದರೆ ರಾಜ್ಯದಲ್ಲಿ ಎಲ್ಲ ತಪ್ಪಾಗುತ್ತದೆ ಎಂಬ ಚಿಂತೆ. ಅಡುಗೆಮನೆಗೆ ಹೋಗಿ ಉಪ್ಪು ನೋಡುತ್ತಾನೆ, ಲಾಯಕ್ಕೆ ಹೋಗಿ ಕುದುರೆಯ ಲಾಳ ಎಣಿಸುತ್ತಾನೆ. ಇಂಥ ವಿಚಿತ್ರ ಪಾತ್ರ ಅವಳಿಗೆ ಎಲ್ಲಿ ಸಿಕ್ಕಿತೋ ಕಾಣೆ.

ರಾಜನ ಪಾರ್ಟು ಮಂಗಳೂರಿನ ದಂತವೈದ್ಯ ಡಾಕ್ಟರ್ ಲ್ಯಾನ್ಸಿಯದು. ಮನೆಯಲ್ಲಿ ಕೊಂಕಣಿ, ಕ್ಲಿನಿಕ್ಕಿನಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ತುಳು. ಕನ್ನಡ ಮಾತ್ರ ನಾಟಕಕ್ಕೆಂದು ತೆಗೆದಿಟ್ಟಷ್ಟು ಶುದ್ಧ. ಉಳಿದವರೆಲ್ಲ ಮಕ್ಕಳು. ಶನಿವಾರ ಸಂಜೆ ಒಂದು ಶಾಲೆಯ ಸಭಾಂಗಣದಲ್ಲಿ ಅಭ್ಯಾಸ. ವತ್ಸಲಾಳನ್ನು ಕಾರಿನಲ್ಲಿ ಬಿಟ್ಟುಬರುವುದಷ್ಟೇ ನನ್ನ ಕೆಲಸವಾಗಿತ್ತು. ಬಿಟ್ಟೆ, ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತೆ. ಕೈ ಎದ್ದಿತು. ಸಿಂಹಾಸನ ಓರೆಯಾಗಿದೆ ಎಂದೆ. ಮಂತ್ರಿ ಚೂಯಿಂಗ್ ಗಮ್ ಅಗಿಯುತ್ತಿದ್ದಾನೆ ಎಂದೆ. ಮೂರನೆಯ ವಾರ ಕಾರ್ಖಾನೆಯ ನಮೂನೆಯಲ್ಲೇ ಒಂದು ಫಾರಮ್ಮು ತಯಾರಿಸಿಕೊಂಡು ಹೋದೆ: ಲೋಪ ಯಾವುದು, ಕಾರಣ ಏನು, ಯಾರು ಯಾವ ದಿನದೊಳಗೆ ಸರಿಪಡಿಸಬೇಕು. ಲ್ಯಾನ್ಸಿಗೆ ಕೊಟ್ಟ ಹಾಳೆಯಲ್ಲಿ ‘ನಡಿಗೆ ರಾಜನದಲ್ಲ, ರೋಗಿಯನ್ನು ಒಳಗೆ ಕರೆಯಲು ಬರುವವನದು’ ಎಂದು ಬರೆದಿದ್ದೆ.

ಲ್ಯಾನ್ಸಿ ಓದಿ, ಕಿರೀಟ ತೆಗೆದು ಸಿಂಹಾಸನದ ಮೇಲಿಟ್ಟರು. “ಮೂರ್ತಿಯವರೇ, ನನಗೆ ಬೇಡ ಮಾರಾಯ್ರೇ ಈ ರಾಜ್ಯ. ವಾರವಿಡೀ ಜನರ ಬಾಯಿ ನೋಡಿ ಸಾಕಾಗಿರ್ತದೆ. ಶನಿವಾರ ಸ್ವಲ್ಪ ಖುಷಿಗೆ ಅಂತ ಬಂದ್ರೆ ನಿಮ್ಮದೊಂದು ಪರೀಕ್ಷೆ. ನೀವೇ ಮಾಡಿ.” ಹೊರಟೇಹೋದರು. ಅವರ ಹಿಂದೆ ಮಂತ್ರಿಯೂ ಸೇನಾಧಿಪತಿಯೂ, ಅಂದರೆ ಹತ್ತು ವರ್ಷದ ಅವಳಿ ಹುಡುಗರಿಬ್ಬರು, ‘ಅಂಕಲ್ ಈಸ್ ಸೋ ಸ್ಟ್ರಿಕ್ಟ್’ ಎಂದು ಗೊಣಗುತ್ತ ನಡೆದರು. ಉಳಿದವಳು ಏಳು ವರ್ಷದ ಅನ್ವಿ ಒಬ್ಬಳೇ. ರಾಜನನ್ನು ಮಲಗಿಸುವ ಪುಟ್ಟ ದಾದಿಯ ಪಾತ್ರ ಅವಳದು. ಅವಳೂ ಹೋಗಿಬಿಡುತ್ತಿದ್ದಳು, ಅವಳಮ್ಮ ಕರೆದೊಯ್ಯಲು ಇನ್ನೂ ಬಂದಿರಲಿಲ್ಲ.

ರಾಜ್ಯೋತ್ಸವಕ್ಕೆ ಮೂರು ವಾರ. ವತ್ಸಲಾ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ನಾಟಕದ ಪ್ರತಿಯನ್ನು ಕಬೋರ್ಡಿನಲ್ಲಿ ಚಳಿಗಾಲದ ರಗ್ಗುಗಳ ಅಡಿಗೆ ಇಟ್ಟದ್ದನ್ನು ಮಾತ್ರ ನೋಡಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಲೊರೆಶೋಗೆ ಓಡಿದೆ.

ಗ್ಲೆನ್ನರ ಮನೆಯ ಗೋಡೆಯ ಮೇಲೆ ತಾರೆಯರ ಪಟ ಒಂದೂ ಇರಲಿಲ್ಲ. ಇದ್ದದ್ದು ಒಂದೇ ದೊಡ್ಡ ಫೋಟೋ: ಮರುಭೂಮಿಯಲ್ಲಿ ಉದ್ದನೆ ಮೇಜುಗಳು, ಚಿತ್ರತಂಡದ ನೂರಾರು ಜನ ಕೂತು ಊಟ ಮಾಡುತ್ತಿದ್ದಾರೆ. “ನಾನು ಮಾಡಿದ್ದರಲ್ಲಿ ಇದೇ ಅತ್ಯುತ್ತಮ,” ಎಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಫಾರಮ್ಮಿನ ವಿಷಯ ಬಂದಾಗ ಸ್ವಲ್ಪ ಬೇಗ ಹೇಳಿದೆ. ಅವರು ನಾಟಕ ಯಾವುದು, ಹೇಗಿದೆ ಎಂದು ಕೇಳಲೇ ಇಲ್ಲ. “ಅಭ್ಯಾಸದ ದಿನ ಮಕ್ಕಳು ತಿಂಡಿ ತಿನ್ನುವುದು ಎಷ್ಟು ಹೊತ್ತಿಗೆ?” ಎಂದು ಕೇಳಿದರು.

“ಮುಗಿದ ಮೇಲೆ.”

“ಇನ್ನು ಮೇಲೆ ಮುಂಚೆ.”

ಆಮೇಲೆ ರಾಜನ ಕ್ಲಿನಿಕ್ಕು ಎಲ್ಲಿದೆ ಎಂದು ಕೇಳಿ, ಸೋಮವಾರ ಹಲ್ಲು ತೋರಿಸಲು ಹೋದರು. ಒಂದು ಗಂಟೆ ಬಾಯಿ ತೆರೆದುಕೊಂಡು ಮಲಗಿದ್ದರಂತೆ. ಬಾಯಿ ತೆರೆದುಕೊಂಡವರು ಮಾತಾಡುವುದೆಲ್ಲಿ? ಲ್ಯಾನ್ಸಿಯೇ ಮಾತಾಡಿದರು: ನನ್ನ ಮೇಲಿನ ಸಿಟ್ಟು, ಚಿಕ್ಕಂದಿನಲ್ಲಿ ಇಗರ್ಜಿಯ ನಾಟಕದಲ್ಲಿ ಕುರಿಯ ಪಾರ್ಟೇ ಸಿಗುತ್ತಿದ್ದದ್ದು, ಒಂದು ಸಲವಾದರೂ ರಾಜನಾಗಬೇಕೆಂಬ ಆಸೆ, ಎಲ್ಲ. ಶನಿವಾರ ಹಲ್ಲು ಸ್ವಚ್ಛವಾದ ಗ್ಲೆನ್ನರ ಜತೆಗೆ ರಾಜನೂ ಬಂದ. ಸಮೋಸಾ, ಚಾಯ್ ಇವೆ ಎಂದು ತಿಳಿದು ಮಂತ್ರಿ, ಸೇನಾಧಿಪತಿಯೂ ಬಂದರು. ವತ್ಸಲಾಳ ಮುಖ ನೋಡಬೇಕಿತ್ತು. ನಾನು ಅವಳಿಗಿಂತ ಸಂತೋಷಪಟ್ಟು, ಹೊಸ ಫಾರಮ್ಮು ತೆಗೆದೆ.

ಗ್ಲೆನ್ ನನ್ನ ಹೆಗಲ ಮೇಲೆ ಕೈಯಿಟ್ಟರು. “ಮೂರ್ತಿ, ಇಂಥ ಕೆಲಸಕ್ಕೆ ಒಬ್ಬರು ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಬೇಕೇ ಬೇಕು. ಅದು ನೀವೇ.” ಜವಾಬ್ದಾರಿ ಏನೆಂದು ಕೇಳಿದೆ. ದನಿ ತಗ್ಗಿಸಿ ಹೇಳಿದರು: “ಈ ಬಾಗಿಲು. ಅಭ್ಯಾಸ ನಡೆಯುವಾಗ ಒಳಗೆ ಒಂದು ನರಪಿಳ್ಳೆಯೂ ಬರಕೂಡದು. ಯಾರನ್ನು ಬೇಕಾದರೂ ನಂಬಿ ಈ ಕೆಲಸ ಕೊಡುವ ಹಾಗಿಲ್ಲ.” ಬೀಗದಕೈ ನನ್ನ ಕೈಗಿತ್ತರು. ನಾನು ಹೊರಗೆ ನಿಂತೆ. ಅವರು ಒಳಗಿನಿಂದ ಬಾಗಿಲು ಹಾಕಿಕೊಂಡರು.

ಕೆಲಸವೆಂದ ಮೇಲೆ ಕೆಲಸ. ಯಾರೂ ಬರಲಿಲ್ಲವಾದರೂ ಬಾರದಂತೆ ನೋಡಿಕೊಂಡೆ. ತಡವಾಗಿ ಬಂದ ತಾಯಿಯೊಬ್ಬರಿಂದ ಹೆಸರು, ಸಮಯ, ಕಾರಣ ಬರೆಸಿಕೊಂಡೆ. ಶಾಲೆಯ ಅಸ್ಕಾರಿ, ಅಂದರೆ ಕಾವಲುಗಾರ, ಮ್ವಾಂಗಿ ತನ್ನ ಕಾವಲು ಕುರ್ಚಿಯಿಂದ ಇದನ್ನೆಲ್ಲ ನೋಡಿ, ಎರಡನೆಯ ಶನಿವಾರ ಹತ್ತಿರ ಬಂದು, “ಬಾಸ್, ನನ್ನ ಕೆಲಸ ತೆಗೆಯಬೇಕೆಂದಿದ್ದರೆ ಮೊದಲೇ ಹೇಳಿಬಿಡಿ,” ಎಂದ. ಅಂಥದ್ದೇನಿಲ್ಲ, ನಾನು ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಎಂದೆ. ‘ಸವಾ’, ಸರಿ, ಎಂದು ತಲೆಯಾಡಿಸಿ ತನ್ನ ಕುರ್ಚಿಯ ಅರ್ಧ ಬಿಟ್ಟುಕೊಟ್ಟ. ಕರೆಯೋಲೆ ಅಚ್ಚಾಗಿ ಬಂತು. ‘ರಚನೆ, ನಿರ್ದೇಶನ: ವತ್ಸಲಾ ಮೂರ್ತಿ’ ಎಂಬುದರ ಮೇಲೆ, ದಪ್ಪ ಅಕ್ಷರದಲ್ಲಿ, ‘ಕಾರ್ಯನಿರ್ವಾಹಕ ನಿರ್ಮಾಪಕರು’ ಎಂದು ನನ್ನ ಹೆಸರು. ಅದರ ಫೋಟೋವನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಭಾವಮೈದ ‘ನಮ್ಮ ಹೆಮ್ಮೆ’ ಎಂದು ಬರೆದ. ಬಾಗಿಲಿನ ವಿಷಯ ಅಲ್ಲಿ ಅಪ್ರಸ್ತುತವೆನ್ನಿಸಿ ಬರೆಯಲಿಲ್ಲ.

ರಾಜ್ಯೋತ್ಸವಕ್ಕೆ ಗ್ಲೆನ್ನರೇ ಮುಖ್ಯ ಅತಿಥಿ ಎಂದಾಯಿತು. ಅತಿಥಿಗಳ ಪರಿಚಯ ಮಾಡುವುದು ನಮ್ಮ ಕೂಟದಲ್ಲಿ ಮೊದಲಿನಿಂದಲೂ ನನ್ನ ಪಾಲಿನ ಕೆಲಸ. ಹಿಂದಿನ ದಿನ ಲೊರೆಶೋಗೆ ಹೋಗಿ ನೋಟ್‌ಬುಕ್ಕು ತೆರೆದು ಕೂತು, ನಿಮ್ಮ ವೃತ್ತಿಜೀವನದ ಅತಿ ಕಷ್ಟದ ಭಾಗ ಯಾವುದು ಎಂದು ಕೇಳಿದೆ. ಅವರು ನನ್ನನ್ನೇ ನೋಡುತ್ತ ಹೇಳಿದರು. ನಾನು ಬಿಡದೆ ಬರೆದುಕೊಂಡೆ. ಚೆನ್ನಾಗಿದೆ ಎಂದು ನಕ್ಕೆ ಕೂಡ.

ಮರುದಿನ ಅದೇ ಶಾಲೆಯ ಸಭಾಂಗಣ ತುಂಬಿತ್ತು. ಗ್ಲೆನ್ನರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಕೂರಿಸಿದ್ದರು. ನಾನು ಮೈಕಿನ ಮುಂದೆ ನಿಂತು ಕಾಫಿಯಿಂದ ಸಿಂಹದವರೆಗೆ ಸೊಗಸಾಗಿ ಹೇಳಿದೆ. ಕೊನೆಗೆ ನೋಟ್‌ಬುಕ್ಕು ನೋಡಿ ಓದಿದೆ: “ಇವರ ಮಾತಿನಲ್ಲೇ ಹೇಳುವುದಾದರೆ, ‘ಪ್ರತಿ ಚಿತ್ರದಲ್ಲೂ ಒಬ್ಬರಿರುತ್ತಾರೆ. ನಾಯಕಿಯ ಗಂಡನೋ, ಪ್ರಾಯೋಜಕರ ಅಳಿಯನೋ. ಮನಸ್ಸು ತುಂಬ ಒಳ್ಳೆಯದು, ಕೈ ಮಾತ್ರ ಸುಮ್ಮನಿರುವುದಿಲ್ಲ. ಅವರನ್ನು ಬೈಯಬಾರದು, ಓಡಿಸಬಾರದು. ಎಲ್ಲರಿಗಿಂತ ದೊಡ್ಡ ಹುದ್ದೆ ಕೊಟ್ಟು, ಒಂದು ಬಾಗಿಲ ಹೊರಗೆ...’”

ಅಲ್ಲಿಗೆ ನಿಂತೆ. ನಿಲ್ಲಬೇಕೆಂದು ನಿಂತದ್ದಲ್ಲ. ಪರದೆಯ ಸಂದಿನಲ್ಲಿ ಒಂದು ಕಿರೀಟ ಅಲುಗುತ್ತಿತ್ತು. ಲ್ಯಾನ್ಸಿ ಬಾಯಿಗೆ ಶಲ್ಯ ತುರುಕಿಕೊಂಡಿದ್ದರು. ಸಭೆಯೆಲ್ಲ ಕರೆಯೋಲೆ ತಿರುವಿ ನೋಡುತ್ತಿತ್ತು. ಆ ನಿಶ್ಶಬ್ದದಲ್ಲಿ ಮೊದಲ ಸಾಲಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು: “ಅಯ್ಯೋ ವತ್ಸಲಾ, ನಮ್ಮ ಅಳಿಯಂದಿರ ಥರಾನೇ ಅಲ್ಲಿಯೂ ಇರ್ತಾರೆ ನೋಡೇ!” ಸಭೆ ಬಿದ್ದು ಬಿದ್ದು ನಕ್ಕಿತು. ಕನ್ನಡ ಬಾರದ ಗ್ಲೆನ್, ಪರಿಚಯ ಚೆನ್ನಾಗಿ ಆಯಿತೆಂದುಕೊಂಡು ಪೇಟ ಸರಿಪಡಿಸಿಕೊಂಡು ಚಪ್ಪಾಳೆ ತಟ್ಟಿದರು. ಅಥವಾ ಎಲ್ಲ ತಿಳಿದೇ ತಟ್ಟಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ವೇದಿಕೆ ಇಳಿದವನಿಗೆ ಮನೆಗೆ ಹೋಗಿಬಿಡೋಣ ಎನ್ನಿಸಿತು. ಮೆಟ್ಟಿಲ ಬಳಿ ವತ್ಸಲಾ ನಿಂತಿದ್ದಳು. ನಗುತ್ತಿರಲಿಲ್ಲ. “ರೀ,” ಎಂದಳು, “ನಾಟಕ ಶುರುವಾಗತ್ತೆ.” ಅಷ್ಟೇ. ನಾನು ಹೋಗಿ ರಂಗದ ಪಕ್ಕದ ಬಾಗಿಲ ಹೊರಗೆ ನಿಂತೆ. ಮ್ವಾಂಗಿ ಅರ್ಧ ಕುರ್ಚಿ ಬಿಟ್ಟ.

ಬಾಗಿಲ ಹಿಂದೆ ನಾಟಕ ಕೇಳುತ್ತಿತ್ತು. ನನಗೆ ಪ್ರತಿ ಮಾತೂ ಬಾಯಿಪಾಠ. ರಾಜ ಉಪ್ಪು ನೋಡಿದ, ಜನ ನಕ್ಕರು. ಲಾಳ ಎಣಿಸಿದ, ಇನ್ನೂ ಜೋರಾಗಿ ನಕ್ಕರು. ಮೂರನೆಯ ದೃಶ್ಯ. ದಾದಿ ಹಾಸಿಗೆ ಹಾಸಿದಳು. ಈಗ ರಾಜ ‘ನಾನು ಮಲಗಿದರೆ ಈ ರಾಜ್ಯ ನೋಡಿಕೊಳ್ಳುವವರು ಯಾರು?’ ಎನ್ನಬೇಕು. ಎನ್ನಲಿಲ್ಲ. ನಿಶ್ಶಬ್ದ. ಲ್ಯಾನ್ಸಿ ಮರೆತಿದ್ದರು. ಒಂದು ಮಟಾಟು ವ್ಯಾನು ಹಾಡು ಹಾಕಿಕೊಂಡು ರಸ್ತೆಯಲ್ಲಿ ಹಾದುಹೋಯಿತು. ಅದು ಹೋದ ಮೇಲೂ ನಿಶ್ಶಬ್ದ. ಎರಡು ತಿಂಗಳ ಬರವಣಿಗೆ, ಮುಂದಿನ ವರ್ಷಗಳೆಲ್ಲ ಆ ಒಂದು ವಾಕ್ಯದ ಮೇಲೆ ನಿಂತಿದ್ದವು. ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಬೀಗ ತೆರೆದು, ಪರದೆಯ ಹಿಂದಿನಿಂದ ಪಿಸುಗುಟ್ಟಿದರೆ ಸಾಕು. ಕೈ ಚಿಲಕದ ಮೇಲಿತ್ತು. ಮ್ವಾಂಗಿ ನನ್ನ ಕೈ ನೋಡಿದ, ನನ್ನ ಮುಖ ನೋಡಿದ. ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತೆ. ಅಷ್ಟು ಕಷ್ಟದ ಕೆಲಸ ನಾನು ಕಾರ್ಖಾನೆಯಲ್ಲಿ ಒಂದು ದಿನವೂ ಮಾಡಿಲ್ಲ.

ಆಗ ಒಳಗಿನಿಂದ ಅನ್ವಿಯ ದನಿ ಬಂತು. ನಾಟಕದಲ್ಲಿ ಇಲ್ಲದ ಮಾತು. “ಮರ್ತೋಯ್ತಾ ರಾಜಾ? ಪರವಾಗಿಲ್ಲ. ನೀನು ಮಲ್ಕೋ. ನಾವೆಲ್ಲ ಇದ್ದೀವಲ್ಲ.”

ಮನೆಯಲ್ಲಿ ಅಮ್ಮ ಏನು ಕೇಳಿದರೂ ‘ಓಕೆ’, ‘ನೋ’ ಎನ್ನುವ ಹುಡುಗಿ. ಬರೆದುಕೊಡದ ಕನ್ನಡವನ್ನು ಅವಳು ಆಡಿದ್ದು ಅದೇ ಮೊದಲು ಎಂದು ಅವಳಮ್ಮ ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು. ರಾಜ ನಿಜವಾಗಿಯೂ ಮಲಗಿಬಿಟ್ಟನಂತೆ, ಗೊರಕೆಯನ್ನೂ ಹೊಡೆದನಂತೆ. ಸಭಾಂಗಣ ಎದ್ದು ನಿಂತಿತಂತೆ. ಅಂತೆ, ಅಂತೆ, ನಾನು ಕಂಡದ್ದು ಹಸಿರು ಬಣ್ಣದ ಒಂದು ಬಾಗಿಲು. ಅದು ಚಪ್ಪಾಳೆಗೆ ನಡುಗುತ್ತಿತ್ತು. ಮ್ವಾಂಗಿ ಎದ್ದು ನನ್ನ ಕೈಕುಲುಕಿದ.

ಊಟದ ಹೊತ್ತಿಗೆ ರಾಯರು ಎಲೆಯಿಂದೆಲೆಗೆ ಓಡಾಡುತ್ತ, “ನಾಟಕ ಅಂದ್ರೆ ಇದು! ಮುಂದಿನ ವರ್ಷಾನೂ ಇರಲೇಬೇಕು ವತ್ಸಲಮ್ಮ,” ಎನ್ನುತ್ತಿದ್ದರು, ತಾವೇ ಮೊದಲಿನಿಂದ ಒತ್ತಾಯ ಮಾಡಿದ್ದವರಂತೆ. ವತ್ಸಲಾ ಪಾಯಸದ ಲೋಟ ಹಿಡಿದು ಬಂದು ನನ್ನ ಪಕ್ಕ ಕೂತಳು. ಮೂರು ವಾರದ ಬಿಗುವೆಲ್ಲ ಅವಳ ಮುಖದಿಂದ ಹೋಗಿತ್ತು.

“ಇವತ್ತು ನೀವು ತುಂಬ ಚೆನ್ನಾಗಿ ಮಾಡಿದ್ರಿ ರೀ,” ಎಂದಳು. ನಾನು ಮಾಡದೆ ಬಿಟ್ಟದ್ದರ ಬಗ್ಗೆ ಹೇಳುತ್ತಿದ್ದಾಳೆಂದು ತಿಳಿಯಿತು. “ಮುಂದಿನ ವರ್ಷಾನೂ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ನೀವೇ. ಏನಂತೀರಿ?”

ಆ ಹುದ್ದೆಯ ಅರ್ಥ ಈಗ ನನಗೂ, ಅವಳಿಗೂ, ಪಂಕ್ತಿಯಲ್ಲಿ ಕೂತಿದ್ದ ಇನ್ನೂರು ಜನಕ್ಕೂ ಗೊತ್ತಿತ್ತು. ಆದರೂ, ಸುಳ್ಳೇಕೆ ಹೇಳಲಿ, ಎದೆ ಉಬ್ಬಿತು.

“ಆಗಲಿ,” ಎಂದೆ. “ಯಾವ ಬಾಗಿಲು?”